ಅಣ್ಣ ಉಂಡೆನೆಂದ ಶ್ರಾವಣ

ಒಣಗಿದ ಅರಿಷಿಣಕ್ಕೆ ಒಂದು ಗೌರವದ ವಾಸನೆ ಇದೆ. ಮದುವೆ, ಮುತ್ತೈದೆಯರು, ದೇವರ ಕೋಣೆ ಎಲ್ಲ ಅದರೊಳಗೆ ಬರುತ್ತವೆ. ತೊಯ್ದ ಅರಿಷಿಣದ ವಾಸನೆ ಬೇರೆ. ಅದರೊಳಗೆ ಕೆಸರು ಬರುತ್ತದೆ, ಹುಳಿ ಬರುತ್ತದೆ, ಬಹಳ ದಿನ ಬಾಗಿಲು ಹಾಕಿದ ಕೋಣೆ ಬರುತ್ತದೆ. ಈ ಸಲ ಮಳೆಗಾಲದ ಮೊದಲಿಗೆ ಮೆಣಸಿನಕಾಯಿ ತರಲೆಂದು ವಿಶ್ರಾಮಬಾಗದಿಂದ ಸಾಂಗಲಿಯ ಪೇಟೆಗೆ ಹೋಗಿದ್ದೆ. ಒಂದು ಅಡತಿ ಅಂಗಡಿಯ ಮುಂದೆ ಟೆಂಪೋದಿಂದ ಅರಿಷಿಣದ ಚೀಲ ಇಳಿಸುತ್ತಿದ್ದರು. ಫಕ್ಕನೆ ಮಳೆ ಹೊಡೆಯಿತು. ತಾಡಪತ್ರಿ ಎಳೆಯುವುದರೊಳಗೆ ಒಂದು ಚೀಲ ತೊಯ್ದಿತು. ಒಂದೇ ಚೀಲ. ನಾನು ವ್ಯಾಪಾರ ಬಿಟ್ಟು ಎದುರಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಡತಿಯವ ಓಡಿ ಬಂದು, "ಕಾಯ ಝಾಲಂ ಕಾಕಾ, ಚಕ್ಕರ ಬಂತೇನ್ರಿ?" ಎಂದು ಎರಡು ಭಾಷೆಯಲ್ಲಿ ವಿಚಾರಿಸಿ ನೀರು ಕೊಟ್ಟ. ತಲೆಗೆ ಚಕ್ಕರ ಬಂದಿರಲಿಲ್ಲ. ಹೊಳೆ ಬಂದಿತ್ತು.

ಕೃಷ್ಣಾ ಹೊಳೆ ಪೇಟೆಯೊಳಗೆ ಬಂದ ಆ ಶ್ರಾವಣದ ಮಾತು ಹೇಳುವ ಮೊದಲು ನಮ್ಮ ಖಾನಾವಳಿಯ ಸಂವಿಧಾನವನ್ನು ಓದುಗರ ಅವಗಾಹನೆಗೆ ತರುವುದು ಅವಶ್ಯ. ಇದನ್ನು ರಚಿಸಿದವ ನಮ್ಮ ಅಜ್ಜ. ಖಂಡೇರಾಜುರಿಯ ಹೊಲ ಬಿಟ್ಟು ಸಾಂಗಲಿಗೆ ಬಂದು, ಪೇಟೆಯ ಹಮಾಲರಿಗೆ ಜೋಳದ ಭಕ್ರಿ ಬಡಿದು ಹಾಕುತ್ತ ಹಾಕುತ್ತ ಆತ ಮೂರು ಕಲಂ ಬರೆದ; ಬಾಯಿಂದ ಬರೆದ, ಆತನಿಗೆ ಅಕ್ಷರ ಬರುತ್ತಿರಲಿಲ್ಲ. ಬಂದವನ ಜಾತಿ ಕೇಳಬಾರದು, ಹಸಿವೆ ಕೇಳಬೇಕು: ಇದು ಒಂದು. ಮಾಲಕನಾದವ ಎಲ್ಲರೂ ಉಂಡೆದ್ದ ಮೇಲೆ ಉಣ್ಣಬೇಕು: ಇದು ಎರಡು. ಮೂರನೆಯದು, ನಡುವೆ ಯಾರಾದರೂ "ನಿಮ್ಮ ಊಟ?" ಎಂದು ಕೇಳಿದರೆ ಮಾಲಕ "ಆತು" ಎನ್ನಬೇಕು. ಇಲ್ಲವಾದರೆ ಕೇಳಿದವ ಸಂಕೋಚಪಟ್ಟು ಅರ್ಧ ಹೊಟ್ಟೆಯಲ್ಲಿ ಎದ್ದುಬಿಡುತ್ತಾನೆ. ಈ ಮೂರನೆಯ ಕಲಮಿಗೆ ಸುಳ್ಳು ಎಂದು ಹೆಸರಿಡಬಾರದು. ಅದು ಧಂದೆಯ ಮರ್ಯಾದೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಈ ಮರ್ಯಾದೆಯನ್ನು ಹಸಿದ ಹೊಟ್ಟೆಯಲ್ಲಿ ಕಾಪಾಡಿಕೊಂಡು ಬಂದಿವೆ.

ನನ್ನ ಅಣ್ಣ ಮಲ್ಲಪ್ಪ ಈ ಸಂವಿಧಾನದ ಕಟ್ಟಾ ಅನುಯಾಯಿ. ಪೇಟೆಯ ಹಳೆಯ ಖಾನಾವಳಿ ಅವನದು. ಕೆಳಗೆ ಊಟದ ಸಾಲು, ಮೇಲೆ ಮಾಳಿಗೆಯಲ್ಲಿ ಮನೆ. ವಿಶ್ರಾಮಬಾಗದಲ್ಲಿ ಕಾಲೇಜು ಹುಡುಗರ ಹೊಟ್ಟೆಯ ಭರವಸೆಯ ಮೇಲೆ ಆಮೇಲೆ ತೆಗೆದದ್ದು ನನ್ನದು. ಪಾಲು ಹೀಗಾಗಿತ್ತು: ನಾನು ಹೋಟೆಲ ನೋಡುತ್ತಿದ್ದೆ, ಅಣ್ಣ ಊರು ನೋಡುತ್ತಿದ್ದ. ಮಧ್ಯಾಹ್ನದ ಸಾಲು ಎದ್ದಿತೆಂದರೆ ಸ್ಕೂಟರಿಗೆ ಡಬ್ಬಿ ಜೋತುಹಾಕಿಕೊಂಡು ಮಿರಜಿಗೆ ಹೊರಡುವನು. ಅಲ್ಲಿಯ ದವಾಖಾನೆಗಳಿಗೆ ಅಥಣಿ, ಜಮಖಂಡಿ, ಇಂಡಿ ಕಡೆಯಿಂದ ಬರುವ ರೋಗಿಗಳ ಕೂಡ ಬಂದವರು ಹೊರಗೆ ಗಿಡದ ಬುಡಕ್ಕೆ ಕುಳಿತಿರುತ್ತಾರಲ್ಲ, ಅವರಿಗೆ ಪುಕ್ಕಟೆ ಊಟ. ಊಟದ ಕೂಡ ಒಬ್ಬ ದುಭಾಷಿಯೂ ಪುಕ್ಕಟೆ. "ಹೊಟ್ಟ್ಯಾಗ ಕಲಸಿದಂಗ ಆಗತೈತ್ರಿ" ಎಂಬುದನ್ನು ಮರಾಠಿ ಡಾಕ್ಟರರಿಗೆ ತಿಳಿಯುವಂತೆ ಹೇಳುವ ವಿದ್ಯೆ ಆ ಊರಲ್ಲಿ ಅಣ್ಣನೊಬ್ಬನಿಗೇ ಸಿದ್ಧಿಸಿತ್ತು. ಕೈಯಿಂದ ಹೊಟ್ಟೆಯ ಮೇಲೆ ಹಿಟ್ಟು ಕಲಸಿ ತೋರಿಸುತ್ತಿದ್ದ. ಎಷ್ಟೋ ರೋಗಿಗಳು ಅವನನ್ನೇ ದೊಡ್ಡ ಡಾಕ್ಟರರೆಂದು ತಿಳಿದು ಕಾಲಿಗೆ ಬಿದ್ದಿದ್ದಾರೆ. ಅವನು ಬಹಳ ಗಟ್ಟಿಯಾಗಿ ನಿರಾಕರಿಸಿದ್ದನ್ನು ನಾನಂತೂ ನೋಡಿಲ್ಲ.

ಇಂಥವನಿಗೆ ಸಕ್ಕರೆ ರೋಗ ಬಂತು. ಮೊದಲು ಗುಳಿಗೆ, ಆಮೇಲೆ ದಿನಾ ಊಟದ ಮೊದಲು ಇನ್ಸುಲಿನ್ ಸೂಜಿ. ಮಿರಜಿನ ಡಾಕ್ಟರ್ ಅವನನ್ನು ಎದುರಿಗೆ ಕೂಡ್ರಿಸಿಕೊಂಡು, ಸೂಜಿ ಚುಚ್ಚಿಕೊಂಡ ಮೇಲೆ ಅರ್ಧ ತಾಸಿನೊಳಗೆ ಉಣ್ಣಲೇಬೇಕು, ಉಣ್ಣದಿದ್ದರೆ ರಕ್ತದಲ್ಲಿಯ ಸಕ್ಕರೆ ಒಮ್ಮೆಲೇ ಇಳಿದು ನಿದ್ದೆ ಬಂದವರಂತೆ ಬಿದ್ದುಬಿಡುತ್ತೀರಿ, ಆಗ ಬಾಯಿಗೆ ಸಿಹಿ ಹಾಕದಿದ್ದರೆ ಏಳುವುದಿಲ್ಲ ಎಂದು ಹೇಳಿದರು. ಅಣ್ಣ ಈ ಉಪದೇಶವನ್ನು ಶುದ್ಧ ಕನ್ನಡಕ್ಕೆ ತಿರುಗಿಸಿ ಗಿಡದ ಬುಡದ ಎಲ್ಲ ರೋಗಿಗಳಿಗೂ ಹಂಚಿದ. ತಾನು ಮಾತ್ರ ಸೂಜಿ ತೆಗೆದುಕೊಂಡು, ಉಣ್ಣದೆ ಬಡಿಸಲು ನಿಲ್ಲುತ್ತಿದ್ದ. ಕಲಂ ಎರಡು ಎದುರಿಗಿತ್ತಲ್ಲ. ಕಡೆಗೆ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ ಗಂಗಾ, ಒಂದು ಒಪ್ಪಂದಕ್ಕೆ ಬಂದಳು. ಸೂಜಿ ಆದ ಕೂಡಲೇ ಎರಡು ಭಕ್ರಿ, ಪಲ್ಯ ಹಿಡಿದು ಉಗ್ರಾಣದ ಬಾಗಿಲ ಹಿಂದೆ ನಿಲ್ಲುವಳು. ಗಿರಾಕಿಗಳ ಕಣ್ಣಿಗೆ ಬೀಳದ ಹಾಗೆ ಅಣ್ಣ ಒಳಗೆ ಹೋಗಿ, ಕಳ್ಳ ಬೆಕ್ಕಿನಂತೆ ನಿಂತೇ ತಿಂದು, ಮೀಸೆ ಒರೆಸಿಕೊಂಡು ಹೊರಗೆ ಬರುವನು. ಹೀಗೆ ಅಜ್ಜನ ಸಂವಿಧಾನಕ್ಕೆ ಭಂಗ ಬರದಂತೆ ಗುಪ್ತವಾಗಿ ಅದನ್ನು ಮುರಿಯುವ ವ್ಯವಸ್ಥೆ ಚೆನ್ನಾಗಿ ನಡೆದಿತ್ತು.

ಆ ಶ್ರಾವಣದಲ್ಲಿ ವೈನಿ ನಾಲ್ಕು ದಿನ ಮೊದಲೇ ನಾಗರ ಪಂಚಮಿಯ ಉಂಡಿ ಕಟ್ಟಲು ವಿಶ್ರಾಮಬಾಗದ ನಮ್ಮ ಮನೆಗೆ ಬಂದಿದ್ದಳು. ನನ್ನ ಹೆಂಡತಿಗೆ ಪಾಕ ಹದಕ್ಕೆ ಬರುವುದಿಲ್ಲ. ಅವಳ ಉಂಡಿ ಒಡೆಯಲು ಕಲ್ಲು ಬೇಕು. ಎರಡು ದಿನದ ಕೆಲಸ. ಹೊಳೆ ಏರುತ್ತಿರುವುದು ಎಲ್ಲರಿಗೂ ಗೊತ್ತಿತ್ತು, ಆದರೆ ಹೊಳೆ ಪ್ರತಿ ಶ್ರಾವಣದಲ್ಲೂ ಏರುತ್ತದೆ. ಪೂಲಿನ, ಅಂದರೆ ಸೇತುವೆಯ, ಹತ್ತಿರ ನೀರು ಎಷ್ಟು ಫೂಟಾಯಿತು ಎಂದು ಕೇಳುವುದು ಸಾಂಗಲಿಯವರಿಗೆ ಕ್ಷೇಮಸಮಾಚಾರವಿದ್ದ ಹಾಗೆ. ಅಣ್ಣನ ಗಿರಾಕಿಗಳಂತೂ ಮಳೆಗಾಲ ಬಂತೆಂದರೆ ಅವನನ್ನು ಛೇಡಿಸುವರು: ನಿಮ್ಮ ಕರ್ನಾಟಕದವರು ಕೆಳಗೆ ಡ್ಯಾಮಿನ ಬಾಗಿಲು ಹಾಕಿಕೊಂಡು ಕೂತಿದ್ದಾರೆ, ನಾವಿಲ್ಲಿ ಮುಳುಗಬೇಕೇನು ಎಂದು. ಸಾಂಗಲಿಯಲ್ಲೇ ಹುಟ್ಟಿ ಕೂದಲು ಬೆಳ್ಳಗಾದ ಅಣ್ಣ, ಇಡೀ ಕರ್ನಾಟಕದ ಪರವಾಗಿ ಕ್ಷಮೆ ಕೇಳಿ, ಈಗಲೇ ಫೋನ್ ಮಾಡಿ ತೆಗೆಸುತ್ತೇನೆ, ಅಲ್ಲಿಯವರೆಗೆ ಇನ್ನೊಂದು ಭಕ್ರಿ ಹಾಕಿಸಿಕೊಳ್ಳಿರಿ ಎನ್ನುತ್ತಿದ್ದ.

ವೈನಿ ಬಂದ ಮರುದಿನ ನೀರು ಪೇಟೆಗೆ ಬಂತು. ಓಡಿ ಬರಲಿಲ್ಲ. ಹಳೆಯ ಗಿರಾಕಿಯಂತೆ ಸಾವಕಾಶ ಬಂತು, ಮೆಟ್ಟಿಲು ಹತ್ತಿತು, ಒಳಗೆ ಕಾಲಿಟ್ಟಿತು, ಬೆಂಚಿನ ಮೇಲೆ ಕೂತಿತು. ಅಣ್ಣ ಒಲೆ, ಸಿಲಿಂಡರು, ಅಕ್ಕಿ, ಬೇಳೆ, ಹಿಟ್ಟು ಎಲ್ಲವನ್ನೂ ಮಾಳಿಗೆಗೆ ಏರಿಸಿದ. ಆಳುಗಳನ್ನು ಅವರವರ ಮನೆಗೆ ಕಳಿಸಿದ. ಓಣಿಯಲ್ಲಿ ಬರೀ ಕೆಳಮನೆ ಇದ್ದವರು, ಮುದುಕರು, ಮಕ್ಕಳು ಅವನ ಮಾಳಿಗೆಗೆ ಬಂದರು. ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ ಕಾಶಿ ಮಾವಶಿ ಮೊದಲೇ ಅಲ್ಲಿದ್ದಳು. ಮಾವಶಿ ಮರಾಠಿಯವಳು, ಗಂಡ ಇಲ್ಲ, ನಮ್ಮ ಖಾನಾವಳಿಗೆ ಹಪ್ಪಳ ಮಾಡಿಕೊಡುವಳು. ಅಣ್ಣನ ಅಡುಗೆಮನೆಯಲ್ಲೇ ಕನ್ನಡ ಕಲಿತವಳು, ಹೀಗಾಗಿ ಅವಳ ಕನ್ನಡದಲ್ಲಿ ಒಗ್ಗರಣೆಯ ಶಬ್ದಗಳೇ ಹೆಚ್ಚು. ಅಣ್ಣನನ್ನು ಭಾವು ಎನ್ನುವಳು. ಪ್ರತಿ ವರುಷ ರಾಖಿ ಕಟ್ಟಿ, ಅವನು ಕೊಟ್ಟ ಸೀರೆಗೆ ಬಣ್ಣ ಸರಿಯಿಲ್ಲವೆಂದು ತಕರಾರು ಮಾಡುವಳು.

ವಿಶ್ರಾಮಬಾಗ ಎತ್ತರದಲ್ಲಿದೆ. ನಮಗೆ ನೀರು ಬರಲಿಲ್ಲ, ಜನ ಬಂದರು. ಶಾಲೆ, ಕಾಲೇಜು, ಮಂಗಲ ಕಾರ್ಯಾಲಯ ಎಲ್ಲ ತುಂಬಿದವು. ನನ್ನ ಖಾನಾವಳಿಯ ಬೋರ್ಡು ಇಳಿಸಿ ಇಡೀ ಅಡುಗೆಮನೆಯನ್ನು ಕಾಲೇಜಿನ ಅಂಗಳಕ್ಕೆ ಸಾಗಿಸಿದೆವು. ಸಮಾಜಸೇವೆಯ ವಿಷಯದಲ್ಲಿ ಆವರೆಗೆ ನನ್ನ ಪಾತ್ರ ಅಣ್ಣನಿಗೆ ಬೈಯುವುದಷ್ಟೇ ಇತ್ತು. ಆ ವಾರ ದೇವರು ಹಳೆಯ ಬಾಕಿಯನ್ನೆಲ್ಲ ಬಡ್ಡಿ ಸಹಿತ ವಸೂಲು ಮಾಡಿದ. ಕಾಲೇಜು ಹುಡುಗರು ಉಳ್ಳಾಗಡ್ಡಿ ಹೆಚ್ಚುತ್ತ, ಮನೆ ಮುಳುಗಿದ ಹೆಂಗಸರು ಭಕ್ರಿ ಬಡಿಯುತ್ತ, ಎಲ್ಲರ ಕಣ್ಣಲ್ಲೂ ನೀರು. ಯಾರದು ಉಳ್ಳಾಗಡ್ಡಿಯದು, ಯಾರದು ಮನೆಯದು ಹೇಳುವುದು ಕಠಿಣ. ನೀರಿನಂಚಿನವರೆಗೆ ಟೆಂಪೋದಲ್ಲಿ ಊಟ ಒಯ್ಯುತ್ತಿದ್ದೆವು. ಅಲ್ಲಿಂದ ಮುಂದೆ ನಾವೆ. ನಾವೆ ಊಟ ಒಯ್ದು ಜನರನ್ನು ತರುತ್ತಿತ್ತು.

ಪ್ರತಿ ನಾವೆಯಲ್ಲೂ ಅಣ್ಣ ಬರುತ್ತಾನೆಂದು ವೈನಿ ಕಾಯುವಳು. ಪ್ರತಿ ನಾವೆಯಿಂದಲೂ ಬೇರೆ ಯಾರೋ ಇಳಿಯುವರು. ಬಸುರಿ ಒಬ್ಬಳು, ದಮ್ಮಿನ ಮುದುಕನೊಬ್ಬ, ಒಂದು ಸಲ ಒಂದು ಮೇಕೆಯೂ ಇಳಿಯಿತು. ಅಣ್ಣನ ಶಿಫಾರಸು ಇಲ್ಲದೆ ಮೇಕೆಗೆ ನಾವೆಯಲ್ಲಿ ಜಾಗ ಸಿಗುವುದು ಶಕ್ಯವಿರಲಿಲ್ಲ. ಫೋನಿನ ಬ್ಯಾಟರಿ ಉಳಿಸಲು ಅಣ್ಣ ಹೊತ್ತಿಗೊಮ್ಮೆ ಮಾತ್ರ ಮಾತಾಡುತ್ತಿದ್ದ. ನಾನು ಬೈದೆ. ಮುಂದಿನ ನಾವೆಗೆ ನೀನೇ ಬಾ ಎಂದೆ.

"ನಾ ಬಂದ್ರ ಒಲಿ ಮುಂದ ಯಾರ ಕುಂದ್ರತಾರೋ? ಮಾವಶಿ ಕುಂತ್ರ ಅಕ್ಕಿ ಕುದಿಯೂದುಲ್ಲ, ಅಂಜತಾವ."

"ಸೂಜಿ?"

"ಮಣ್ಣಿನ ಗಡಿಗ್ಯಾಗ ತಣ್ಣಗ ಇಟ್ಟೇನಿ. ದಿನಾ ತಗೋತೇನಿ."

"ಊಟ?"

"ಆತು."

ವೈನಿ ನನ್ನ ಕೈಯಿಂದ ಫೋನ್ ಕಸಿದುಕೊಂಡಳು. ಅವಳು ನನ್ನ ಹಾಗೆ ಕೇಳುವವಳಲ್ಲ. ಏನು ಉಂಡಿರಿ ಎಂದು ಕೇಳಿದಳು. ಅಣ್ಣ ಅಕ್ಕಿ ಖಿಚಡಿ, ಝುಣಕಾ, ಮೇಲೆ ಮಾವಶಿಯ ಹಪ್ಪಳ, ಅದೂ ತುಸು ಕರಕಾಗಿತ್ತು ಎಂದು ವಿವರ ಒಪ್ಪಿಸಿದ. ಹಪ್ಪಳ ಕರಕಾಗಿದ್ದು ಕೇಳಿ ವೈನಿಗೆ ನಂಬಿಕೆ ಬಂತು. ಅವನು ಹೇಳಿದ ಊಟ ಖರೇ. ತಾನು ಉಂಡದ್ದಲ್ಲ, ಮಂದಿಗೆ ಬಡಿಸಿದ ಊಟ ಅದು.

ಆದರೂ ವೈನಿಗೆ ಸಮಾಧಾನವಿರಲಿಲ್ಲ. ಮರುದಿನ ಪಂಚಮಿ. ಶೇಂಗಾ ಉಂಡಿಗಳನ್ನು ಒಂದು ಸಣ್ಣ ಡಬ್ಬಿಗೆ ಹಾಕಿ ಬೆಳಗಿನ ನಾವೆಗೆ ಕೊಟ್ಟಳು. ಇದು ಹಬ್ಬದ್ದಲ್ಲ, ಅವರ ಔಷಧ. ಕೈ ನಡುಗಿದರೆ, ಬೆವರು ಬಂದರೆ ಬಾಯಿಗೆ ಹಾಕಬೇಕು ಎಂದು ನಾವೆಯವನಿಗೆ ಎರಡೆರಡು ಸಲ ಹೇಳಿದಳು. ಅವನೂ ಹೂಂ ಎಂದ. ನೀರು ಆಳವಿದ್ದಲ್ಲಿ ಆ ನಾವೆ ನಿಂತು, ಊಟದ ಗಂಟೆಲ್ಲ ಇನ್ನೊಂದು ನಾವೆಗೆ ದಾಟಿತು. ಡಬ್ಬಿ ದಾಟಿತು. ಮಾತು ದಾಟಲಿಲ್ಲ.

ಮಧ್ಯಾಹ್ನದ ನಾವೆಗೆ ಅಣ್ಣನೂ ಉಳಿದವರೂ ಬರುವುದೆಂದು ನಿಕ್ಕಿಯಾಗಿತ್ತು. ಸಿಲಿಂಡರು ತೀರಿತ್ತು, ಇನ್ನು ಅವನಿಗೂ ಅಲ್ಲಿ ಕೂಡಲು ನೆವವಿರಲಿಲ್ಲ. ನಾನು ನೀರಿನಂಚಿಗೆ ಹೋಗಿ ನಿಂತೆ. ಅಲ್ಲಿ ರಸ್ತೆ ನೀರಿನೊಳಗೆ ಇಳಿದು ಹೋಗುತ್ತಿತ್ತು, ಹೊಳೆಯ ಮೆಟ್ಟಿಲಿನ ಘಾಟಿನಂತೆ. ಅರಿಷಿಣದ ಗೋದಾಮುಗಳು ಒಡೆದು ನೀರಿನ ಮೇಲೆ ಹಳದಿ ಕೆನೆ ಕಟ್ಟಿತ್ತು. ಆ ವಾಸನೆಯಲ್ಲಿ ನಿಂತು ನಾನು ಅಣ್ಣನಿಗೆ ಬೈಯುವ ಭಾಷಣ ತಯಾರು ಮಾಡಿಕೊಳ್ಳುತ್ತಿದ್ದೆ. ಚೆನ್ನಾಗಿ ಬಂದಿತ್ತು. ನಾವೆ ಬಂತು. ಮೊದಲು ಮಕ್ಕಳು ಇಳಿದರು, ಬಾಯಿಯ ಸುತ್ತ ಶೇಂಗಾದ ಪುಡಿ. ಕಡೆಗೆ ನಾಲ್ಕು ಜನ ಸೇರಿ ಅಣ್ಣನನ್ನು ಇಳಿಸಿದರು. ಮೈಮೇಲೆ ಚಾದರ ಹೊದಿಸಿತ್ತು. ಮುಖ ಶಾಂತವಾಗಿತ್ತು, ಸಂಜೆಯ ಸಾಲು ಮುಗಿದ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದನಲ್ಲ, ಹಾಗೆ.

ಹತ್ತಿರದ ಯಾರೋ ಸಕ್ಕರೆ ತಂದರು. ಬಾಯಿಗೆ ಹಾಕಿದರೆ ಒಳಗೆ ಹೋಗಲಿಲ್ಲ, ತುಟಿಯ ತುದಿಯಿಂದ ಇಳಿಯಿತು. ಮಿರಜಿಗೆ ಒಯ್ದೆವು. ದವಾಖಾನೆಯ ಬಾಗಿಲಲ್ಲಿ ಎಲ್ಲರಿಗೂ ಅವನ ಗುರುತಿತ್ತು. ವಾಚಮನ್ ಟೊಪ್ಪಿಗೆ ತೆಗೆದ, ನರ್ಸಬಾಯಿ ಓಡಿದಳು. ನಳಿಕೆ ಹಾಕಿ ಸಕ್ಕರೆ ಏರಿಸಿದರು. ಡಾಕ್ಟರ್ ನನ್ನನ್ನು ಹೊರಗೆ ಕರೆದು, ಬಹಳ ಹೊತ್ತು ಸಕ್ಕರೆ ಇಲ್ಲದೆ ಮಿದುಳು ಉಪವಾಸ ಬಿದ್ದಿದೆ ಎಂದರು. ಅವರಿಗೂ ಬೇರೆ ಶಬ್ದ ಸಿಗಲಿಲ್ಲ. ಅಣ್ಣ ಮುಂದೆ ಕೆಲವು ದಿನ ಉಸಿರಾಡಿದ. ಗಿಡದ ಬುಡದವರು ಒಬ್ಬೊಬ್ಬರೇ ಕಿಟಕಿಗೆ ಬಂದು ಕೈಮುಗಿದು ಹೋದರು. ಒಬ್ಬ ಜಮಖಂಡಿಯ ಮುದುಕ, ಇವರು ಎದ್ದರೆ ನನ್ನ ರಿಪೋರ್ಟ್ ಓದಿ ಹೇಳುತ್ತಾರೇನು ಎಂದು ಕೇಳಿದ. ಏಳಲಿಲ್ಲ.

ನಮ್ಮಲ್ಲಿ ಕೂಡ್ರಿಸಿ ಹೂಳುವುದು ವಾಡಿಕೆ. ಸಾಂಗಲಿಯ ರುದ್ರಭೂಮಿ ಇನ್ನೂ ನೀರಿನ ಕೆಳಗಿತ್ತು. ಅಜ್ಜನ ಊರು ಖಂಡೇರಾಜುರಿಗೆ ಒಯ್ದೆವು. ಮಿರಜ ದಾಟಿ ಮೂಡಲಿಗೆ ಹೊರಟರೆ ಮುಗಿಲು ಬೇರೆಯದೇ ಆಗುತ್ತದೆ. ಅಲ್ಲಿ ಆ ವರುಷ ಮಳೆಯೇ ಇರಲಿಲ್ಲ. ಇಪ್ಪತ್ತು ಮೈಲಿನೊಳಗೆ ಒಂದು ಊರು ಮುಳುಗುತ್ತಿತ್ತು, ಇನ್ನೊಂದು ಊರು ಕಪ್ಪೆಯ ಮೆರವಣಿಗೆ ಮಾಡಿ ಮಳೆ ಬೇಡುತ್ತಿತ್ತು. ನೆಲಕ್ಕೆ ಗುದ್ದಲಿ ಹೊಡೆದರೆ ಕಿಡಿ ಹಾರಿತು. ಕಡೆಗೆ ಕುಡಿಯುವ ನೀರಿನ ಟ್ಯಾಂಕರನ್ನು ಹೊಲಕ್ಕೆ ತಿರುಗಿಸಿ, ನೀರು ಬಿಟ್ಟು, ನೆಲ ಮೆತ್ತಗೆ ಮಾಡಿಕೊಂಡು ಕುಣಿ ತೋಡಿದೆವು. ಹೊಳೆಯ ಊರಿಂದ ಬಂದವನನ್ನು ಕೂಡ್ರಿಸಲು ಆ ಊರಿನ ಹೆಂಗಸರು ತಮ್ಮ ಎರಡು ದಿನದ ನೀರು ಕೊಟ್ಟರು. ಅಣ್ಣನಿಗೆ ಗೊತ್ತಾಗಿದ್ದರೆ ಎದ್ದು ಕುಣಿಯಿಂದ ಹೊರಗೆ ಬಂದು, ಮೊದಲು ಅವರು ಕುಡಿಯಲಿ ಎನ್ನುತ್ತಿದ್ದ.

ವೈನಿ ಅಲ್ಲೇ ನಮ್ಮ ಹಳೆಯ ಮನೆಯಲ್ಲಿ ಉಳಿದಳು. ಅಳಲಿಲ್ಲ, ಉಣ್ಣಲೂ ಇಲ್ಲ. ಯಾರಾದರೂ ಒತ್ತಾಯ ಮಾಡಿದರೆ ನಾಲ್ಕು ಅಗುಳು ಬಾಯಿಗೆ ಹಾಕಿ ಗೋಡೆಯ ಕಡೆ ತಿರುಗುವಳು. ಒಂದೇ ಮಾತು ಕೇಳುತ್ತಿದ್ದಳು, ಅದೂ ಯಾರನ್ನೂ ನೋಡದೆ: "ನಾ ಉಂಡಿ ಕಳಿಸಿದ್ನಲ್ಲ. ಉಂಡಿ ಏನಾದೂ?"

ನೀರು ಇಳಿದು ಬಸ್ಸು ಶುರುವಾದ ಮೇಲೆ ಕಾಶಿ ಮಾವಶಿ ಬಂದಳು. ಅರ್ಧ ಆಗಿದ್ದಳು. ಹೊಸ್ತಿಲ ಹೊರಗೇ ಕೂತು ಹೇಳತೊಡಗಿದಳು, ಮರಾಠಿಯಲ್ಲಿ ಶುರು ಮಾಡಿ, ವೈನಿಗೆ ಪೂರಾ ತಿಳಿಯಬೇಕೆಂದು ಕನ್ನಡಕ್ಕೆ ಬಂದು.

ಪಂಚಮಿಯ ದಿನ ಅಣ್ಣ ಸೂಜಿ ತೆಗೆದುಕೊಂಡು ಕಡೆಯ ಖಿಚಡಿ ಬಡಿಸಲು ನಿಂತಿದ್ದ. ಆಗಲೇ ಹಿಂದಿನ ಓಣಿಯ ಒಂದು ಕುಟುಂಬ ಗೋಡೆ ಹಿಡಿದುಕೊಂಡು, ಎದೆಮಟ ನೀರಿನಲ್ಲಿ ಬಂತು. ಪಾತೇಲಿಯಲ್ಲಿ ಉಳಿದಿದ್ದು ಅವರಿಗೆ ಹೋಯಿತು. ಎಲ್ಲರೂ ಕೇಳಿದರು, ಒಬ್ಬೊಬ್ಬರಾಗಿ, ನಿಮ್ಮ ಊಟ ಅಂತ. ಎಲ್ಲರಿಗೂ ಆತು ಎಂದ. ಅಷ್ಟರಲ್ಲಿ ಬೆಳಗಿನ ನಾವೆಯ ಗಂಟು ತಡವಾಗಿ ಬಂತು. ಅದರೊಳಗೆ ಉಂಡಿಯ ಡಬ್ಬಿ. ಅಣ್ಣ ಅದನ್ನು ಕೈಯಲ್ಲಿ ಹಿಡಿದು ನೋಡುತ್ತ ಕೂತಿದ್ದ.

"ನಾ ಬೈದೆ ಅವರಿಗೆ," ಎಂದಳು ಮಾವಶಿ. "ಭಾವು, ಸಾಖರ ಇದ್ದವರಿಗೆ ಉಂಡಿ ಕಳಿಸ್ಯಾರ, ವೈನಿಗೆ ಖುಳಾ, ಹುಚ್ಚು ಹಿಡದೈತಿ ಅಂದೆ. ಕೈಯಾಗಿಂದ ಕಸಗೊಂಡೆ. ಅವರು ನಕ್ಕರು. ಪಂಚಮಿ ಐತಿ, ಮಕ್ಕಳಿಗೆ ಕೊಡು ಅಂದರು. ಎಲ್ಲಾ ಹಂಚಿದೆ. ಒಂದೂ ಇಡಲಿಲ್ಲ, ಆಮ್ಯಾಲೆ ಕದ್ದು ತಿಂದಾರು ಅಂತ."

ಆಮೇಲೆ ಅಣ್ಣ ಗೋಡೆಗೆ ಒರಗಿದ. ಎಷ್ಟೋ ದಿನದಿಂದ ನಿದ್ದೆಯಿಲ್ಲ, ಪಾಪ, ಮಲಗಲಿ ಎಂದು ಇವಳೇ ಚಾದರ ಹೊದಿಸಿದಳು. ಬೆವರು ಬಂದಿದ್ದಕ್ಕೆ ಸೆರಗಿನಿಂದ ಗಾಳಿ ಹಾಕಿದಳು. ಮಕ್ಕಳು ಗದ್ದಲ ಮಾಡಿದರೆ ಬಾಯಿಯ ಮೇಲೆ ಬೆರಳಿಟ್ಟಳು. ನಾವೆ ಬರುವವರೆಗೆ ಆ ಮಾಳಿಗೆಯಲ್ಲಿ ಎಲ್ಲರೂ ಪಿಸುಮಾತಿನಲ್ಲಿ ಮಾತಾಡಿದರು, ಅಣ್ಣನಿಗೆ ಎಚ್ಚರಾಗಬಾರದೆಂದು.

ಹೇಳಿ ಮುಗಿಸಿ ಮಾವಶಿ ತಲೆ ಎತ್ತಲಿಲ್ಲ. ಹೊಡೆಯುವವರಿಗೆ ಅನುಕೂಲವಾಗಲಿ ಎಂಬಂತೆ ಬಗ್ಗಿಯೇ ಕೂತಳು. ನಾನು ಅಂಗಳದಲ್ಲಿ ನಿಂತಿದ್ದೆ. ಇಂಥ ವೇಳೆಗೆ ನನ್ನ ಭಾಷಣಗಳು ಬರುವುದಿಲ್ಲ.

ವೈನಿ ಗೋಡೆಯ ಕಡೆಯಿಂದ ಈಚೆಗೆ ತಿರುಗಿದಳು. ಆಮೇಲೆ ಎದ್ದು ಒಳಗೆ ಹೋದಳು. ವಾಟಗೆಯಲ್ಲಿ ಹಾಲು, ಅದರೊಳಗೆ ಮುರಿದು ಹಾಕಿದ ಭಕ್ರಿ, ಮೇಲೆ ಸಕ್ಕರೆ. ತಂದು ಮಾವಶಿಯ ಮುಂದಿಟ್ಟು ಹೊಸ್ತಿಲಿನ ಈಚೆಗೆ ಬಂದು ಕೂತಳು. ನಿಮಗೆ ಊಟವಾಯಿತೇ ಎಂದು ಕೇಳಲಿಲ್ಲ.

"ನನಗ ಇಳಿಯೂದುಲ್ಲ ವೈನಿ," ಎಂದಳು ಮಾವಶಿ.

"ಇಳಿಯೂದುಲ್ಲ ಅಂತ ನನಗ ಗೊತ್ತೈತಿ. ನುಂಗ್ರಿ. ನಾ ನೋಡಕೋತ ಕುಂದ್ರತೇನಿ."

ಮಾವಶಿ ನುಂಗಿದಳು. ಅತ್ತುಕೊಂಡು, ತೇಕಿಕೊಂಡು, ಒಂದೊಂದೇ ತುತ್ತು. ವೈನಿ ಅವಳ ಗಂಟಲಿನ ಮೇಲಿನ ಕಣ್ಣು ತೆಗೆಯಲಿಲ್ಲ. ವಾಟಗೆ ಬರಿದಾದ ಮೇಲೆ ಮಾವಶಿ ಅದನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು. ಹಿಂದೆಂದೂ ಕಾಣದ ಮನೆಯಲ್ಲಿ ಹಾಲು ಹುಡುಕಿದಳು, ಭಕ್ರಿ ಮುರಿದಳು, ಸಕ್ಕರೆ ಹಾಕಿದಳು. ತಂದು ವೈನಿಯ ಕೈಗೆ ಕೊಟ್ಟು, ಎದುರಿಗೆ ಕೂತು ನೋಡತೊಡಗಿದಳು.